ಬಟ್ಟೆಯಡಿಯ ಪಂಪು

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಉಮ್ಮ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಕಿಟಕಿಯ ಬಳಿಯಿದ್ದ ನೀಲಿ ಇನ್‌ಹೇಲರನ್ನು ಕಪಾಟಿನ ಬಟ್ಟೆಗಳ ಅಡಿಯಲ್ಲಿ ಬಚ್ಚಿಡುವುದು. 'ದಮ್ಮಿನ ಹುಡುಗಿ' ಎಂಬ ಹೆಸರು ಬಿದ್ದರೆ ಸಂಬಂಧ ಕೂಡಿ ಬರಲಾರದೆಂಬ ಭಯ. ನೆರೆಹೊರೆಯವರ ಉಪದೇಶ ಬೇರೆ: "ಪಂಪು ಹಿಡಿದರೆ ಮತ್ತೆ ಬಿಡಲಾಗದು, ಮಾತ್ರೆಯೇ ವಾಸಿ."

ಹೀಗೆ ಅಕ್ಕ ಮಾತ್ರೆಗೆ ಬಂದಳು. ನುಂಗಿ ಎಷ್ಟೋ ಹೊತ್ತು ಕಾದರೂ ಉಸಿರು ಸಲೀಸಾಗುತ್ತಿರಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಚಹಾದ ತಟ್ಟೆ ಹಿಡಿದ ಕೈ ನಡುಗುತ್ತಿತ್ತು. ಬಂದವರು ಅದನ್ನು ನಾಚಿಕೆ ಎಂದುಕೊಂಡರು.

ಮಾತ್ರೆಯಲ್ಲೂ ಪಂಪಿನಲ್ಲೂ ಇದ್ದದ್ದು ಒಂದೇ ಔಷಧಿ, ಸಾಲ್ಬುಟಮಾಲ್ ಎಂದು ನನಗೆ ತಿಳಿದದ್ದು ವರ್ಷಗಳ ಬಳಿಕ. 1969ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಈ ಔಷಧಿ, ಶ್ವಾಸನಾಳಗಳ ಸುತ್ತ ಬಿಗಿದುಕೊಂಡ ಸ್ನಾಯುಗಳನ್ನು ಸಡಿಲಿಸುತ್ತದೆ. ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಮಾತ್ರೆಯಲ್ಲಿರುವುದು 2 ಅಥವಾ 4 ಮಿಲಿಗ್ರಾಂ. ಅಂದರೆ ತೂಕದಲ್ಲಿ 4 ಮಿಲಿಗ್ರಾಂನ ಒಂದು ಮಾತ್ರೆ ನಲ್ವತ್ತು ಸಲ ಪಂಪು ಒತ್ತಿದ್ದಕ್ಕೆ ಸಮ! ಪಂಪಿನ ಔಷಧಿ ನೇರ ಶ್ವಾಸಕೋಶ ಸೇರಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಮಾತ್ರೆಯದು ಹೊಟ್ಟೆಯಿಂದ ರಕ್ತಕ್ಕಿಳಿದು ಮೈಗೆಲ್ಲ ಹರಡುತ್ತದೆ. ಅಕ್ಕನ ಕೈನಡುಕ ಅದರದೇ ಫಲ. ಅಪಾಯವೆಂದು ದೂರವಿಟ್ಟು ನಾವು ಅವಳಿಗೆ ನುಂಗಿಸಿದ್ದು ಹೆಚ್ಚು ಔಷಧಿಯನ್ನೇ.

ಒಂದು ಮಳೆಗಾಲದ ರಾತ್ರಿ ಅವಳಿಗೆ ಮಾತಾಡಲೂ ಉಸಿರು ಸಾಲದಾಯಿತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಮೂಲಕ ಕೊಟ್ಟದ್ದೂ ಅದೇ ಸಾಲ್ಬುಟಮಾಲ್. ಬೆಳಗಿನ ಜಾವ ವೈದ್ಯರು ಉಮ್ಮನಿಗೆ ಹೇಳಿದರು: "ಇದು ಮುಚ್ಚಿದ ಬಾಗಿಲು ತೆರೆಯುತ್ತದೆ, ಅಷ್ಟೆ. ಒಳಗಿನ ಊತ ಇಳಿಯಬೇಕಾದರೆ ಇನ್ನೊಂದು ಔಷಧಿಯನ್ನು ದಿನವೂ ಎಳೆದುಕೊಳ್ಳಬೇಕು." ಅಂದಿನಿಂದ ಸ್ಟೀರಾಯ್ಡ್ ಇನ್‌ಹೇಲರ್ ಆರಂಭವಾಯಿತು. ಅಸ್ತಮಾದವರು ನೀಲಿ ಪಂಪೊಂದನ್ನೇ ನೆಚ್ಚಿಕೊಳ್ಳಬಾರದೆಂದು 'ಜೀನಾ' ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ನಮಗೆ ಅದನ್ನು ಕಲಿಸಿದ್ದು ಆ ರಾತ್ರಿ.

ಮುಂದಿನ ಸಂಬಂಧ ಬಂದಾಗ ಅಕ್ಕ ತಾನೇ ಎಲ್ಲವನ್ನೂ ಹೇಳಿದಳು. ಅವರು ಮರಳಿ ಬರಲಿಲ್ಲ. ಅವರ ನಂತರ ಬಂದವರು ಕೇಳಿದ್ದು ಒಂದೇ ಮಾತು: "ಔಷಧಿ ತಪ್ಪದೆ ತಗೊಳ್ತಾಳಲ್ವಾ?" ಇಂದು ಭಾವನ ಜೇಬಿನಲ್ಲೂ ಒಂದು ಪಂಪು ಇರುತ್ತದೆ.

ಕನ್ನಡಕ ಹಾಕಿದವರನ್ನು ನಾವು ಚಟಕ್ಕೆ ಬಿದ್ದವರೆನ್ನುವುದಿಲ್ಲ. ನಿಮ್ಮ ಮನೆಯ ಕಪಾಟಿನಲ್ಲೂ ಬಟ್ಟೆಯಡಿ ಇಂತಹದೊಂದಿದ್ದರೆ ದಯವಿಟ್ಟು ಹೊರಗೆ ತೆಗೆದಿಡಿ. ಉಸಿರು ಕಟ್ಟಿದಾಗ ಹುಡುಕುತ್ತಾ ಕೂರಲು ಸಮಯವಿರುವುದಿಲ್ಲ.