ಗಾಜಿನ ಹಂಚಿನ ಬೆಳಕು

ನಮ್ಮ ಪ್ರಾಯದ ಹೆಂಗಸರಿಗೆ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಳ್ಳುವಷ್ಟೇ ಗಂಭೀರವಾದ ಕೆಲಸವಾಗಿತ್ತು. ಕಾಲೇಜಿನ ಅರ್ಜಿಗೆ ಒಮ್ಮೆ, ಮದುವೆಯ ಮಾತುಕತೆಗೆ ಒಮ್ಮೆ, ಮದುವೆಯಾದ ಮೇಲೆ ಗಂಡನ ಪಕ್ಕದಲ್ಲಿ ಒಮ್ಮೆ, ಅಲ್ಲಿಗೆ ಮುಗಿಯಿತು. ಸ್ಟೂಲಿನ ಮೇಲೆ ಕೂರಿಸಿ, "ಗದ್ದ ಕೆಳಗೆ, ಇನ್ನೂ ಸ್ವಲ್ಪ, ಅಲುಗಾಡಬೇಡಿ" ಎಂದಾಗ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಈ ಬಿಗಿತಕ್ಕೆ ದೊಡ್ಡ ಇತಿಹಾಸವೇ ಇದೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಛಾಯಾಚಿತ್ರದ ವಿದ್ಯೆ ಪ್ರಕಟವಾದ ಹೊಸತರಲ್ಲಿ ಒಂದು ಚಿತ್ರಕ್ಕಾಗಿ ಬಹಳ ಹೊತ್ತು ಅಲುಗದೆ ಕೂರಬೇಕಿತ್ತು. ತಲೆ ಸರಿಯದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ವಿದ್ಯುದ್ದೀಪ ಇಲ್ಲದ ಕಾಲವಾದ್ದರಿಂದ ಸ್ಟುಡಿಯೋಗಳ ಮಾಡಿಗೇ ಗಾಜು ಹಾಕಿಸಿ, ನೇರ ಬಿಸಿಲು ಬೀಳದ ಮೆತ್ತನೆಯ ಬೆಳಕನ್ನು ಒಳಗೆ ಬರಮಾಡಿಕೊಳ್ಳುತ್ತಿದ್ದರು.

ನನ್ನ ಮದುವೆಯ ಫೋಟೋಕ್ಕೆ ಆ ಭಾಗ್ಯ ಇರಲಿಲ್ಲ. ನನ್ನದು ಎಣ್ಣೆಗಪ್ಪು ಮೈಬಣ್ಣ. "ಬೆಳ್ಳಗೆ ಬರುವ ಹಾಗೆ ಮಾಡಿಕೊಡಿ" ಎಂದು ಅಮ್ಮ ಮೆಲ್ಲನೆ ಹೇಳಿದ್ದರು. ಮುಖಕ್ಕೆ ಪೌಡರು ಮೆತ್ತಿ, ಎದುರಿನಿಂದಲೇ ಎರಡು ದೊಡ್ಡ ದೀಪ ಉರಿಸಿದರು. ಬೆಳ್ಳಗೇನೋ ಬಂತು, ಮೂಗು ಮಾತ್ರ ಕಾಣೆಯಾಯಿತು! ಮುಖದ ಏರುತಗ್ಗುಗಳನ್ನು ಕಾಣಿಸುವುದು ನೆರಳು. ಎದುರಿನ ಬೆಳಕು ಆ ನೆರಳನ್ನೇ ಒರೆಸಿಬಿಡುತ್ತದೆ. ನೋಡಲು ಬಂದವರು ಫೋಟೋ ಕೈಯಲ್ಲಿ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ಅವಲಕ್ಕಿ ತಿಂದು ಹೋದರು. ಆಮೇಲೆ ಸುದ್ದಿಯಿಲ್ಲ. ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಕಲರ್ ಫೋಟೋ ಪ್ರಿಂಟು ಹಾಕುವಾಗ ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪೆನಿ ಒಂದು ಮಾದರಿ ಚಿತ್ರ ಕೊಡುತ್ತಿತ್ತು. 'ಶರ್ಲಿ ಕಾರ್ಡ್' ಎಂದು ಅದರ ಹೆಸರು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಬೇರೆ ಬೇರೆ ಮೈಬಣ್ಣದವರು ಅದರೊಳಗೆ ಬಂದದ್ದು 1990ರ ದಶಕದಲ್ಲಿ. ಅಂದರೆ ನಾವು ಸ್ಟುಡಿಯೋದ ಮೆಟ್ಟಿಲು ಹತ್ತುವ ಮೊದಲೇ ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು ಎನ್ನಿ.

ನಾವೀಗ ಇರುವುದು ಬಂದರಿನ ಹಳೆಯ ಹಂಚಿನ ಮನೆಯಲ್ಲಿ. ಹೊರಗೆ ಮಂಡಿಗಳು, ಲಾರಿಗಳ ಗದ್ದಲ, ಒಣಮೆಣಸಿನ ಘಾಟು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನ ಹೆಸರು ಹಂಚಿನ ಜೊತೆ ಹಡಗು ಹತ್ತಿ ದೂರ ದೂರ ಹೋಯಿತು. ನಮ್ಮ ಚಾವಡಿಯ ಮಾಡಿನಲ್ಲಿ ಮಣ್ಣಿನ ಹಂಚುಗಳ ನಡುವೆ ನಾಲ್ಕು ಗಾಜಿನ ಹಂಚುಗಳಿವೆ. ಹಳೆಯ ಸ್ಟುಡಿಯೋಗಳ ಗಾಜಿನ ಮಾಡು ನಮ್ಮ ಮನೆಯಲ್ಲೇ ಇದೆಯಲ್ಲ ಎಂದು ನನಗೆ ಹೊಳೆದದ್ದು, ತಂಗಿಯ ಮಗಳಿಗೆ ಮದುವೆಯ ಫೋಟೋ ಬೇಕಾದಾಗ. ಅವಳದೂ ನನ್ನ ಬಣ್ಣವೇ.

"ಪೌಡರ್ ಹಾಕ್ಬೇಕಾ ದೊಡ್ಡಮ್ಮ?"

"ಬೇಡ ಮಾರಾಯ್ತಿ, ಮುಖ ತೊಳೆದು ಬಾ."

ಮಳೆಗಾಲದ ಮೋಡದ ದಿನ. ಫೋಟೋಕ್ಕೆ ಇಂಥ ಬೆಳಕೇ ಒಳ್ಳೆಯದು. ಗಾಜಿನ ಹಂಚಿನ ನೇರ ಕೆಳಗೆ ಕೂತರೆ ಕಣ್ಣಿನ ಗುಳಿಯಲ್ಲಿ ಕತ್ತಲು ತುಂಬುತ್ತದೆ. ಆದ್ದರಿಂದ ಎರಡು ಹೆಜ್ಜೆ ಹಿಂದೆ ಕೂರಿಸಿ, ಭುಜ ಒಂದು ಕಡೆಗೆ, ಮುಖ ಬೆಳಕಿನ ಕಡೆಗೆ ತಿರುಗಿಸಿದೆ. ಹಿಂದೆ ಬಿಳಿ ಗೋಡೆ ಇರಬಾರದು. ಗೋಡೆಯ ಬಿಳುಪಿಗೆ ಮೋಸಹೋಗಿ ಕ್ಯಾಮರಾ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಒಳಕೋಣೆಯ ಮಬ್ಬು ಹಿಂದೆ ಇದ್ದರೆ ಮುಖ ತಾನಾಗಿ ಬೆಳಗುತ್ತದೆ. ನೆರಳಿನ ಕಡೆ ಅವಳಪ್ಪನ ಬಿಳಿ ಮುಂಡನ್ನು ಕುರ್ಚಿಯ ಮೇಲೆ ಹರವಿದೆ; ಅದರಿಂದ ಬೆಳಕು ಹಿಂದಿರುಗಿ ಆ ಕೆನ್ನೆಯನ್ನೂ ಮುಟ್ಟಿತು. ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನದ ಬೆಳಕು ಬಿತ್ತು. ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಮುಖಗಳಲ್ಲಿ ಕಾಣುವ ಬೆಳಕು ಇದು. ಫೋಟೋಗ್ರಾಫರುಗಳು ಇಂದಿಗೂ ಅವನ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ.

ಕೈ ಎಲ್ಲಿಡಬೇಕೆಂದು ಅವಳು ಚಡಪಡಿಸಿದಳು. ಮಡಿಲಿಗೆ ಮಲ್ಲಿಗೆ ಸುರಿದು "ಕಟ್ಟು" ಎಂದೆ. ಕೈಗೆ ಕೆಲಸ ಸಿಕ್ಕಿದರೆ ಮುಖ ನಾಚಿಕೆ ಮರೆಯುತ್ತದೆ. ಮೊಬೈಲಿನಲ್ಲಿ ಮುಖವನ್ನು ತಾನಾಗಿ ಬೆಳ್ಳಗೆ ಮಾಡುವ ಸೌಲಭ್ಯವನ್ನು ಆರಿಸಿ, ಅವಳು ತಲೆಯೆತ್ತಿದ ಕ್ಷಣ ಗುಂಡಿ ಒತ್ತಿದೆ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಗೆ 1863ರಲ್ಲಿ ಮಗಳು ಕ್ಯಾಮರಾ ಉಡುಗೊರೆ ಕೊಟ್ಟಾಗ ನಲವತ್ತೆಂಟು ವರ್ಷ. ಇಂಗ್ಲೆಂಡಿನ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡು ಆಕೆ ತೆಗೆದ ಮುಖಗಳನ್ನು ಜಗತ್ತು ಇಂದಿಗೂ ನೋಡುತ್ತಿದೆ. ನನಗಾದರೋ ಚಾವಡಿಯೇ ಇದೆ!

ಫೋಟೋ ನೋಡಿ ತಂಗಿ, "ಸ್ವಲ್ಪ ಕಪ್ಪಾಯ್ತಲ್ಲ ಅಕ್ಕಾ" ಎಂದಳು. "ನಾನು ಇರುವುದೇ ಹೀಗಲ್ವಾ ಅಮ್ಮ? ಇದನ್ನೇ ಕಳಿಸುವ" ಎಂದಳು ಮಗಳು. ಕಳಿಸಿದೆವು. ಎರಡು ಕಡೆಯಿಂದ ಉತ್ತರ ಬರಲಿಲ್ಲ. ಮೂರನೆಯ ಕಡೆಯವರು ಬರುವ ಭಾನುವಾರ ಬರುತ್ತಾರಂತೆ. ತಂಗಿ ಈ ಸಲ ಊಟ ಬಿಟ್ಟಿಲ್ಲ.