ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಮಠ-ಮಂತ್ರಿಗಳ ಮಾತು

ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಗಿನ ಲಿಂಗಪೂಜೆ ಮುಗಿಸಿ ನಾವು ಸಕುಟುಂಬರಾಗಿ ಅಜ್ಜಂಪುರದಿಂದ ಕೆಮ್ಮಣ್ಣುಗುಂಡಿಗೆ ಹೊರಟೆವು. ನಿವೃತ್ತ ಉಪಾಧ್ಯಾಯರಾದ ನಮ್ಮ ಬೀಗರು, ಅವರ ಧರ್ಮಪತ್ನಿ, ಕಾನೂನು ಓದುತ್ತಿರುವ ನಮ್ಮ ತಮ್ಮನ ಮಗಳು ಮತ್ತು ಮೊಮ್ಮಕ್ಕಳು ಜೊತೆಗಿದ್ದರು. ಬುತ್ತಿಗೆ ರೊಟ್ಟಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡಿದ್ದೆವು. ತರೀಕೆರೆ ದಾಟಿ ಲಿಂಗದಹಳ್ಳಿಯ ಮಾರ್ಗ ಹಿಡಿಯುತ್ತಿದ್ದಂತೆ ಬಾಬಾಬುಡನ್‌ಗಿರಿಯ ಶ್ರೇಣಿ ಮಂಜಿನ ಮುಸುಕಿನಲ್ಲಿ ಕಾಣಿಸಿಕೊಂಡಿತು.

ದಾರಿಯ ಬದಿಯಲ್ಲಿ ಯಾವುದೋ ಸಮಾರಂಭದ ದೊಡ್ಡ ಫ್ಲೆಕ್ಸ್ ಹಾಕಿದ್ದರು. ಮೇಲ್ತುದಿಯಲ್ಲಿ ಪುಟ್ಟ ವೃತ್ತದೊಳಗೆ ಸ್ವಾಮಿಗಳೊಬ್ಬರ ಭಾವಚಿತ್ರ, ಉಳಿದ ಜಾಗವೆಲ್ಲ ಕೈಮುಗಿದು ನಿಂತ ರಾಜಕಾರಣಿಯದು. ಅದನ್ನು ಕಂಡ ಮೊಮ್ಮಗ, "ತಾತ, ಇವರಿಬ್ಬರಲ್ಲಿ ದೊಡ್ಡವರು ಯಾರು?" ಎಂದು ಕೇಳಿದ. ನಾವು ನಕ್ಕು ಸುಮ್ಮನಾದೆವು. ಆದರೆ ಆ ಪ್ರಶ್ನೆ ನಮ್ಮೊಡನೆಯೇ ಬೆಟ್ಟ ಹತ್ತಿತು.

ಮೊದಲು ಕಲ್ಲತ್ತಿಗಿರಿಯಲ್ಲಿ ಇಳಿದೆವು. ಬೆಟ್ಟದ ನೆತ್ತಿಯಿಂದ ಬಂಡೆಗಳ ಮೇಲೆ ಧುಮುಕುವ ನೀರು ವೀರಭದ್ರಸ್ವಾಮಿಯ ಗುಡಿಯ ಮುಂದೆಯೇ ಹರಿಯುತ್ತದೆ. ದಕ್ಷಯಜ್ಞದಲ್ಲಿ ಅಧಿಕಾರದ ಸೊಕ್ಕನ್ನು ಮುರಿದ ದೇವರ ಸನ್ನಿಧಿ ಇದು. ದರ್ಶನ ಮುಗಿಸಿ ಕಲ್ಲುಕಟ್ಟೆಯ ಮೇಲೆ ಕುಳಿತಾಗ ಬೀಗರೇ ಮಾತು ತೆಗೆದರು: "ಮಠಗಳು ರಾಜಕಾರಣದ ಗೊಡವೆಗೆ ಹೋಗಬಾರದೆಂದು ಹೇಳುವವರು ಇತಿಹಾಸವನ್ನು ಓದಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿರಲಿಲ್ಲವೇ?"

ಅವರ ಮಾತಿಗೆ ಆಧಾರವಿತ್ತು. ಜಗಳೂರು, ಭರಮಸಾಗರಗಳ ಒಣ ಸೀಮೆ ನಮಗೆ ದೂರದ್ದಲ್ಲ. ಆ ಭಾಗದ ಕೆರೆಗಳಿಗೆ ತುಂಗಭದ್ರೆಯ ನೀರನ್ನು ಏತ ನೀರಾವರಿಯಿಂದ ತುಂಬಿಸಬೇಕೆಂದು ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಮುಖ್ಯಮಂತ್ರಿಗಳಿಗೂ ಮಂತ್ರಿಗಳಿಗೂ ಬಿಡದೆ ಒತ್ತಾಯ ತಂದರು. 2021ರಲ್ಲಿ ಭರಮಸಾಗರದ ಕೆರೆಗೆ ನೀರು ಹರಿಯಿತು. "ಆ ನೀರು ಯಾರ ಹೊಲದ ಜಾತಿಯನ್ನಾದರೂ ಕೇಳಿತೇ?" ಎಂದು ಬೀಗರು ನಮ್ಮ ಕಡೆ ನೋಡಿದರು.

ತಮ್ಮನ ಮಗಳು ಒಪ್ಪಲಿಲ್ಲ. "ನೀರು ಕೇಳಿದ್ದು ಸರಿ ಮಾಮ. ಮಂತ್ರಿ ಪದವಿ ಕೇಳುವುದೂ ಸರಿಯೇ?" ಎಂದಳು. 2020ರ ಜನವರಿಯಲ್ಲಿ ಹರಿಹರದ ಪಂಚಮಸಾಲಿ ಪೀಠದ ವೇದಿಕೆಯಲ್ಲಿ ಶ್ರೀ ವಚನಾನಂದ ಸ್ವಾಮಿಗಳು ಶ್ರೀ ಮುರುಗೇಶ ನಿರಾಣಿಯವರಿಗೆ ಮಂತ್ರಿ ಪದವಿ ಕೊಡಬೇಕೆಂದು ಅಂದಿನ ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರ ಎದುರಿಗೇ ಒತ್ತಾಯಿಸಿದ್ದನ್ನೂ, ಮುಖ್ಯಮಂತ್ರಿಗಳು ಸಿಟ್ಟಿನಿಂದ ಎದ್ದುನಿಂತದ್ದನ್ನೂ ನಾಡೆಲ್ಲ ದೂರದರ್ಶನದ ವಾಹಿನಿಗಳಲ್ಲಿ ನೋಡಿತು. 2021ರ ಜುಲೈನಲ್ಲಿ ಅದೇ ಯಡಿಯೂರಪ್ಪನವರನ್ನು ಬದಲಾಯಿಸಬಾರದೆಂದು ಅನೇಕ ಮಠಾಧೀಶರು ಅವರ ನಿವಾಸಕ್ಕೆ ಹೋಗಿ ಬೆಂಬಲ ಸಾರಿದರು. ಬೆಂಗಳೂರಿನಲ್ಲಿ ಸ್ವಾಮಿಗಳ ಸಮಾವೇಶವೇ ನಡೆಯಿತು. ಜುಲೈ 26ರಂದು ಅವರು ರಾಜೀನಾಮೆ ಕೊಟ್ಟರು. "ಪೀಠದ ಮಾತು ನಡೆದರೆ ಉಳಿದ ಜನ ಅಸೂಯೆಪಡುತ್ತಾರೆ, ನಡೆಯದಿದ್ದರೆ ಪೀಠಕ್ಕೇ ಹಗುರ. ಎರಡರಲ್ಲೂ ನಷ್ಟ ಮಠದ್ದೇ" ಎಂಬುದು ಅವಳ ವಾದ. ಧರ್ಮ, ಜಾತಿಗಳ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರವೆಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪಿತ್ತಿರುವುದನ್ನೂ ಅವಳು ನೆನಪಿಸಿದಳು. ಅತ್ತ ಇಂಗ್ಲೆಂಡಿನ ಮೇಲ್ಮನೆಯಲ್ಲಿ 26 ಮಂದಿ ಬಿಷಪ್ಪರಿಗೆ ಆಸನವೇ ಇದೆಯೆಂದೂ, ಅಲ್ಲಿಯೂ ಅದು ಬೇಕೇ ಎಂಬ ಚರ್ಚೆ ನಿಂತಿಲ್ಲವೆಂದೂ ಹೇಳಿದಳು.

ತಿರುವುಗಳನ್ನು ಹತ್ತಿ ಕೆಮ್ಮಣ್ಣುಗುಂಡಿ ತಲುಪಿದೆವು. ಸುಮಾರು 1,434 ಮೀಟರ್ ಎತ್ತರದ ಈ ತಾಣ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ವಿಶ್ರಾಂತಿಧಾಮವಾಗಿತ್ತು. ಆದುದರಿಂದಲೇ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು. ಇಲ್ಲಿಯ ಕೆಂಪು ಮಣ್ಣಿನಲ್ಲಿ ಅಡಗಿದ್ದ ಅದಿರು ದಶಕಗಳ ಕಾಲ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಹೋಯಿತು. ಅರಸರು ಹೋದರು, ಅದಿರು ಹೋಯಿತು. ತೋಟಗಾರಿಕೆಯವರು ಬೆಳೆಸಿದ ಗುಲಾಬಿಗಳ ನಡುವೆ ಈಗ ಯಾರ ಮನೆಯ ಮಕ್ಕಳಾದರೂ ಓಡಾಡಬಹುದು.

ಹೆಬ್ಬೆಗೆ ಹೋಗಲು ಹತ್ತಿದ ಜೀಪಿನ ಚಾಲಕ ನಮ್ಮ ಮಾತು ಕೇಳಿಸಿಕೊಂಡು, "ಯಜಮಾನ್ರೇ, ನಮ್ಮಂಥ ಸಣ್ಣ ಜಾತಿಯೋರಿಗೆ ಮಠ ಇಲ್ಲ. ನಮ್ಮ ಪರವಾಗಿ ಯಾರು ಫೋನ್ ಮಾಡ್ತಾರೆ ಹೇಳಿ?" ಎಂದ. ಬೀಗರೂ ನಾವೂ ಮುಖ ಮುಖ ನೋಡಿಕೊಂಡೆವು.

ಓದುಗ ಬಂಧುಗಳೇ, ಆ ಮಾತು ನಮ್ಮನ್ನು ಚುಚ್ಚಲು ಕಾರಣವಿದೆ. ಹಲವು ವರ್ಷಗಳ ಹಿಂದೆ ನಮ್ಮ ಹಿರಿಯ ಮಗನಿಗೆ ದೂರದ ಜಿಲ್ಲೆಗೆ ವರ್ಗವಾದಾಗ ನಾವು ಹಣ್ಣುಕಾಯಿ ಹಿಡಿದು ಒಂದು ಮಠಕ್ಕೆ ಹೋಗಿದ್ದೆವು. ಪೂಜ್ಯರು ಮೊದಲು ಹಿಂಜರಿದರು. ನಾವು ಬಿಡಲಿಲ್ಲ, ಮೂರು ತಲೆಮಾರಿನ ಭಕ್ತಿಯ ಲೆಕ್ಕವನ್ನು ಮುಂದಿಟ್ಟೆವು. ಕೊನೆಗೆ ಅವರು ಮಂತ್ರಿಗಳೊಬ್ಬರಿಗೆ ಹೇಳಿಸಿದರು, ವರ್ಗಾವಣೆ ನಿಂತಿತು. ಆ ಸಂಜೆ ಹುಲ್ಲುಹಾಸಿನ ಮೇಲೆ ಬುತ್ತಿ ಬಿಚ್ಚಿದಾಗ ಇದನ್ನು ನಾವಾಗಿಯೇ ಹೇಳಿದೆವು. ತಮ್ಮನ ಮಗಳು ಮೆಲ್ಲನೆ, "ಅಣ್ಣನ ಬದಲು ಅಲ್ಲಿಗೆ ಹೋದವರು ಯಾರು, ದೊಡ್ಡಪ್ಪ?" ಎಂದಳು. ನಮಗೆ ಗೊತ್ತಿತ್ತು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋಗಬೇಕಾಗಿ ಬಂದ ಒಬ್ಬ ಬಡ ನೌಕರ. ಅದನ್ನು ನಾವು ತಿಳಿದದ್ದು ಆಮೇಲೆ; ತಿಳಿದ ಮೇಲೂ ಏನನ್ನೂ ಮಾಡಲಿಲ್ಲ.

ಗುರುಗಳು ರಾಜಕಾರಣಿಗಳ ಮೇಲೆ ಪ್ರಭಾವ ಬೀರಬಾರದೆಂದು ಜನ ಆಡಿಕೊಳ್ಳುವುದನ್ನು ಕೇಳುತ್ತೇವೆ. ಆ ಜನರಲ್ಲಿ ನಾವೂ ಇದ್ದೇವೆ. ಆದರೆ ಗುರುಗಳ ಕೈಗೆ ಅರ್ಜಿ ಕೊಟ್ಟವರಲ್ಲಿಯೂ ನಾವೇ ಇದ್ದೇವೆ. ತುಮಕೂರಿನ ಸಿದ್ಧಗಂಗೆಗೆ ಎಲ್ಲ ಪಕ್ಷಗಳ ನಾಯಕರೂ ಬಂದು ತಲೆಬಾಗಿದರು. 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳಿಗೆ ಆ ಗೌರವ ಸಂದದ್ದು ಸಾವಿರಾರು ಮಕ್ಕಳಿಗೆ ಅವರು ನೀಡಿದ ಅನ್ನ, ಅಕ್ಷರ, ಆಶ್ರಯಗಳಿಂದ. ಬಸವಣ್ಣನವರು ಭಂಡಾರಿಗಳಾಗಿದ್ದದ್ದು ನಿಜ. ಹರಳಯ್ಯ, ಮಧುವರಸರ ಮಕ್ಕಳ ವಿವಾಹದ ಸಂದರ್ಭದಲ್ಲಿ ಅರಸನ ಮನಸ್ಸು ನೋಡಿ ನಡೆಯದೆ ಪದವಿಯನ್ನೂ ಕಲ್ಯಾಣವನ್ನೂ ತೊರೆದು ಸಂಗಮಕ್ಕೆ ನಡೆದದ್ದೂ ಅಷ್ಟೇ ನಿಜ. ನಾವು ಮೊದಲನೆಯದನ್ನು ಮಾತ್ರ ನೆನೆಯುತ್ತೇವೆ.

ಆದ್ದರಿಂದ ನಮಗೆ ತೋರುವುದಿಷ್ಟು. ಕೆರೆಯ ನೀರಿಗಾಗಿ, ಶಾಲೆಗಾಗಿ, ದನಿಯಿಲ್ಲದವರಿಗಾಗಿ ಗುರುಪೀಠ ಸರಕಾರವನ್ನು ಎಚ್ಚರಿಸಲಿ. ಅದು ಧರ್ಮದ ಕೆಲಸವೇ. ಒಬ್ಬನ ಕುರ್ಚಿಗಾಗಿ, ಒಬ್ಬನ ವರ್ಗಾವಣೆಗಾಗಿ ಆ ದನಿಯನ್ನು ಖರ್ಚು ಮಾಡಿಸದಿರುವ ಹೊಣೆ ಭಕ್ತರದು. ಮಠಕ್ಕೆ ಹೋಗುವಾಗ ಹಣ್ಣು ಒಯ್ಯೋಣ, ಅರ್ಜಿಯನ್ನು ಮನೆಯಲ್ಲಿ ಬಿಡೋಣ. ಕೇಳಲೇಬೇಕಾಗಿ ಬಂದರೆ ಆ ಜೀಪಿನ ಚಾಲಕನಂಥವರ ಊರಿಗಾಗಿ ಕೇಳೋಣ.

ಕತ್ತಲಾಗುವ ಮುನ್ನ ಇಳಿದೆವು. ಲಿಂಗದಹಳ್ಳಿಯ ಬಳಿ ಮತ್ತೆ ಆ ಫ್ಲೆಕ್ಸ್ ಎದುರಾಯಿತು. ಮೊಮ್ಮಗನಿಗೆ ನಿದ್ದೆ ಹತ್ತಿತ್ತು. ಅವನ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೂ ನಮ್ಮ ಮೇಲಿದೆ. ಅದನ್ನು ಬಾಯಿಯಿಂದ ಹೇಳಿದರೆ ಸಾಲದು, ಮುಂದಿನ ಸಲ ಮಠದ ಮೆಟ್ಟಿಲು ಹತ್ತುವಾಗ ನಡೆದು ತೋರಿಸಬೇಕು.