ಜಗುಲಿಗೆ ಬಂದ ಹೂಬುಟ್ಟಿ

ಶ್ರೀರಂಗಪಟ್ಟಣದ ಕೋಟೆ ದಾಟಿ, ದರಿಯಾ ದೌಲತ್ ಬಿಟ್ಟು ಮುಂದೆ ಬಂದರೆ ನಮ್ಮ ಗಂಜಾಂ. ಇನ್ನೂ ಮುಂದಕ್ಕೆ ಗುಂಬಜ್, ಅದರಾಚೆ ಸಂಗಮ. ನಮ್ಮ ಮನೆ ಈ ದಾರಿಯ ಮಗ್ಗುಲಲ್ಲೇ ಇದೆ. ಪ್ರವಾಸಿಗರ ಬಸ್ಸುಗಳ ನಡುವೆ ಬೆಳಗಿನ ಹೊತ್ತು ಬೇರೆ ಥರದ ಕಾರುಗಳೂ ಹೋಗುತ್ತವೆ. ಒಳಗಿರುವವರು ಮಾತಾಡುತ್ತಿರುವುದಿಲ್ಲ. ಒಬ್ಬರ ತೊಡೆಯ ಮೇಲೆ ಬಟ್ಟೆ ಕಟ್ಟಿದ ಮಡಕೆ ಇರುತ್ತದೆ. ಸಂಗಮದಲ್ಲಿ ಅಸ್ಥಿ ಬಿಡಲು ಹೊರಟವರು. ಈ ಊರಿಗೆ ಸೊಸೆಯಾಗಿ ಬಂದು 34 ವರ್ಷ ಇದನ್ನೇ ನೋಡಿದ್ದರಿಂದ ಸಾವು ನನಗೆ ಪರಿಚಯದ್ದೇ ಎಂದುಕೊಂಡಿದ್ದೆ. ನನ್ನ ಮೈಯೊಳಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರು ಬಿಟ್ಟಿದೆ ಎಂದು ಗೊತ್ತಾದ ದಿನ ಆ ಪರಿಚಯ ಏನೂ ಕೆಲಸಕ್ಕೆ ಬರಲಿಲ್ಲ.

ನಾನು ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದುಕೊಂಡೆ, ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಹಂಚಿದೆ, ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಬೀದಿ ಬೀದಿ ಸುತ್ತಿ ಎರಡೆರಡು ಹನಿ ಹಾಕಿಸಿದೆ. ಊರ ಹೆಂಗಸರಿಗೆಲ್ಲ ಆರೋಗ್ಯದ ಮಾತು ಹೇಳಿದವಳಿಗೆ ತನ್ನದನ್ನು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಮತ್ತೆ ಕೆಂಪು ಕಂಡಿತು. ಅದಕ್ಕೂ ಮೊದಲೇ ಬಿಳಿ ಹೋಗುತ್ತಿತ್ತು, ಸೊಂಟ ಸೆಳೆಯುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಒಳಗೆ ಪರೀಕ್ಷೆ ಮಾಡದೆಯೇ ಎಂಟು ತಿಂಗಳು ಮಾತ್ರೆ ಬರೆದುಕೊಟ್ಟರು. ಪರೀಕ್ಷೆ ಮಾಡಿ ಎಂದು ನಾನೂ ಕೇಳಲಿಲ್ಲ. ಯಜಮಾನರಿಗೂ ಹೇಳಲಿಲ್ಲ. ಕೊನೆಗೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದಾಗ 3ಬಿ ಹಂತ. ಗಡ್ಡೆ ಸೊಂಟದ ಗೂಡಿನ ಗೋಡೆವರೆಗೆ ಹಬ್ಬಿತ್ತು, ಒಂದು ಮೂತ್ರಪಿಂಡ ಬಾತಿತ್ತು.

ನಮ್ಮ ಕಡೆ ಯಾರಿಗೆ ಈ ಕಾಯಿಲೆ ಬಂದರೂ "ಕಿದ್ವಾಯಿಗೆ ಹೋದ್ರಾ?" ಅನ್ನುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಹಳ್ಳಿಗಳಲ್ಲಿ ಕಾಯಿಲೆಗೇ ಇನ್ನೊಂದು ಹೆಸರಾಗಿಬಿಟ್ಟಿದೆ. ನಾವೂ ಹೋದೆವು. ಬಿಪಿಎಲ್ ಕಾರ್ಡಿದ್ದ ಕಾರಣ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಸರೆ ಸಿಕ್ಕಿತು. ಐದು ವಾರದಲ್ಲಿ 25 ಕರೆಂಟು, ವಾರಕ್ಕೊಂದು ಕೀಮೋ, ಆಮೇಲೆ ಒಳಗಿನ ಕರೆಂಟು. ರೇಡಿಯೇಷನ್ನಿಗೆ ನಮ್ಮ ಜನ ಕರೆಂಟು ಎಂದೇ ಹೇಳುವುದು. ಹೊಟ್ಟೆಯ ಮೇಲೆ ಇಂಕಿನಲ್ಲಿ ಗುರುತು ಹಾಕಿರುತ್ತಾರೆ, ಸ್ನಾನದಲ್ಲಿ ಅದು ಅಳಿಸದಂತೆ ನೋಡಿಕೊಳ್ಳಬೇಕು. ಸರದಿ ಬರುವ ಮುಂಚೆ ನೀರು ಕುಡಿದು ಮೂತ್ರ ಕಟ್ಟಿಕೊಂಡು ಕೂತಿರಬೇಕು. ಮೂತ್ರಕೋಶ ತುಂಬಿದರೆ ಕರುಳು ಮೇಲಕ್ಕೆ ಸರಿದು ಕರೆಂಟಿನ ಏಟಿನಿಂದ ಉಳಿದುಕೊಳ್ಳುತ್ತದಂತೆ. ಬಾಟಲಿ ಹಿಡಿದು ಸಾಲಾಗಿ ಕೂತ ಹೆಂಗಸರ ನಡುವೆ ನಾನು ಸೆರಗು ಹೊದ್ದು ಗೋಡೆ ನೋಡುತ್ತ ಕೂತಿರುತ್ತಿದ್ದೆ.

ಅಲ್ಲಿಯ ಧರ್ಮಶಾಲೆಯಲ್ಲಿ ರಾಯಚೂರು ಕಡೆಯ ಅಜ್ಜಿಯೊಬ್ಬರಿದ್ದರು. ಮೊದಲ ಸಂಜೆಯೇ ಜೋಳದ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿ ಕೇಳಿದರು: "ಯಾವ ಜಾಗಾದ್ದವ್ವ ನಿಂದು?" ನಾನು ತಲೆ ತಗ್ಗಿಸಿದೆ. ಅವರು ಸುತ್ತಲಿದ್ದ ಹತ್ತು ಜನಕ್ಕೂ ಕೇಳುವಂತೆ, "ನಂದು ಗರ್ಭಚೀಲದ ಬಾಯಿ ಕ್ಯಾನ್ಸರ್ ನೋಡು" ಎಂದರು. ಗುಡಿಯಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ ಹೇಳಿದಷ್ಟೇ ಸಲೀಸಾಗಿ. ಒಂದು ಗಳಿಗೆ ತಡೆದು ನಾನೂ ಹೇಳಿದೆ: "ನಂದೂ ಅದೇ ಕಣಜ್ಜಿ." ಆಚೆ ಚಾಪೆಯಿಂದ ಇನ್ನೊಬ್ಬಾಕೆ, ಬಾಗಿಲ ಬಳಿಯಿಂದ ಮತ್ತೊಬ್ಬಾಕೆ, ತಮ್ಮದೂ ಅದೇ ಎಂದರು. ಎರಡು ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟು ಸಡಿಲವಾಯಿತು. ಕಾಯಿಲೆ ಅಷ್ಟೇ ಇತ್ತು, ಒಂಟಿತನ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬಂತು.

ಹದಿನಾಲ್ಕು ತಿಂಗಳು ಚೆನ್ನಾಗಿದ್ದೆ. ಆಮೇಲೆ ಅದು ಮತ್ತೆ ಬಂತು, ಇದ್ದ ಜಾಗದಲ್ಲೂ, ಶ್ವಾಸಕೋಶದಲ್ಲೂ. ವೈದ್ಯರು ಮುಚ್ಚಿಡಲಿಲ್ಲ. "ಪೂರ್ತಿ ವಾಸಿಯಾಗೋದು ಕಷ್ಟ ಅಮ್ಮ. ನೋವಿಲ್ಲದ ಹಾಗೆ ನೋಡ್ಕೊಳ್ಳೋಣ" ಎಂದರು. ಆ ಮಾತಿನ ಮೊದಲ ಅರ್ಧ ಮಾತ್ರ ಕಿವಿಗೆ ಬಿತ್ತು. ಮನೆಗೆ ಬಂದು ಒಳಗಿನ ಕೋಣೆ ಸೇರಿದೆ. ನೋವಿಗಿಂತ ನನ್ನನ್ನು ಕುಗ್ಗಿಸಿದ್ದು ವಾಸನೆ. ಈ ಕಾಯಿಲೆ ಮುಂದುವರಿದಾಗ ಒಳಗಿನ ಹುಣ್ಣು ಕೊಳೆತು ನಾರುತ್ತದೆ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸಿದರೂ ಹೋಗದು. ಮೊಮ್ಮಗಳು ಹತ್ತಿರ ಬಂದರೆ ಆಟಕ್ಕೆ ಕಳಿಸಿಬಿಡುತ್ತಿದ್ದೆ. ನೋಡಲು ಬಂದ ನೆಂಟರು ಹಣ್ಣಿನ ಚೀಲ ಇಟ್ಟು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ತಿನ್ನುವವರಿಲ್ಲದೆ ಸೇಬು ಬಾಡುತ್ತಿದ್ದವು.

ಇಂಥದೊಂದು ಮಧ್ಯಾಹ್ನ ನಿಮಿಷಾಂಬ ದೇವಸ್ಥಾನದ ಹತ್ತಿರ ಹೂವು ಮಾರುವ ಹೆಂಗಸು ಬಂದಳು. ಅವಳ ಇಬ್ಬರು ಮಕ್ಕಳೂ ನನ್ನ ಅಂಗನವಾಡಿಯಲ್ಲಿ ಆಡಿ ಬೆಳೆದವರು. ಬುಟ್ಟಿ ಇಳಿಸಿ ಕಿಟಕಿಯಿಂದಲೇ ಕೂಗಿದಳು:

"ಅಕ್ಕಾ, ಗುಡಿ ತಾವು ಬಿಸ್ಲು ಜಾಸ್ತಿ. ನಿಮ್ಮ ಜಗುಲಿ ಮೇಲೆ ಕೂತು ಕಟ್ಕತೀನಿ, ಆಯ್ತದಾ?"

"ಕಟ್ಕೊ" ಎಂದೆ.

"ನೀವ್ಯಾಕೆ ಒಳಗಿದ್ದೀರಿ? ಆಚೆ ಬನ್ನಿ."

"ಬ್ಯಾಡ ಕಣವ್ವ. ವಾಸ್ನೆ ಬತ್ತದೆ."

ಅವಳು ಎದ್ದು ಒಳಗೇ ಬಂದಳು. ಮೂಗಿಗೆ ಸೆರಗು ಹಿಡಿಯಲಿಲ್ಲ. "ನಮ್ಮತ್ತೆ ಎರಡು ವರ್ಸ ಹಾಸಿಗೆ ಮೇಲಿದ್ರು, ಎಲ್ಲಾ ನಾನೇ ಬಾಚಿದ್ದು. ವಾಸ್ನೆ ಕುಡ್ದು ಯಾರೂ ಸತ್ತಿಲ್ಲ ಕಣಕ್ಕ. ಬನ್ನಿ, ನಾರು ಸೀಳಿ ಕೊಡಿ, ನಂಗೆ ಹೊತ್ತಾಯ್ತದೆ" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಜಗುಲಿಯ ಮೇಲೆ ಕೂರಿಸಿದಳು.

ನೀರಲ್ಲಿ ನೆನೆಸಿದ ಬಾಳೆನಾರನ್ನು ಉಗುರಿನ ತುದಿಯಿಂದ ಎಳೆ ಎಳೆಯಾಗಿ ಸೀಳುವುದು ನನ್ನ ಪಾಲಿನ ಕೆಲಸವಾಯಿತು. ದಪ್ಪ ಸೀಳಿದರೆ ಹೂವಿನ ತೊಟ್ಟು ಜಾರುತ್ತದೆ, ಸಣ್ಣಗೆ ಸೀಳಿದರೆ ನಾರು ಪಟಕ್ಕನೆ ಹರಿಯುತ್ತದೆ. ಅವಳು ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಇಟ್ಟು ಬೆರಳು ತಿರುಗಿಸಿದರೆ ಗಂಟು ಬಿದ್ದಿರುತ್ತಿತ್ತು. ನಡುನಡುವೆ ಮರುಗದ ಕುಡಿ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಮೊಳ ಹಾಕಿ ನೋಡಿದಾಗ ಹನ್ನೆರಡು ಮೊಳವಾಗಿತ್ತು. ನಾರಿನ ಪಾಲು ನಿಮ್ಮದು ಎಂದು ಒಂದು ಮೊಳ ಕತ್ತರಿಸಿ ಉದುರಿ ಉಳಿದಿದ್ದ ನನ್ನ ಗಿಡ್ಡ ಕೂದಲಿಗೆ ಹೇರ್‌ಪಿನ್ ಹಾಕಿ ಮುಡಿಸಿದಳು. ಮರುದಿನವೂ ಬಂದಳು. ಆಮೇಲೆ ದಿನಾ. ನಾಲ್ಕು ಗಂಟೆಗೆ ಬುಟ್ಟಿ ಬರುತ್ತದೆ ಎಂದು ನಾನು ಮೂರೂವರೆಗೇ ನಾರು ನೆನೆಹಾಕಿ ಕಾಯತೊಡಗಿದೆ. ಬೆಳಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕಿದ್ದು ಹಾಗೆ. ಧೈರ್ಯ ತಂದುಕೊಳ್ಳಿ ಎಂದವರು ಬೇಕಾದಷ್ಟು ಜನ. ಅವಳು ಧೈರ್ಯದ ಮಾತೇ ಎತ್ತದೆ ಕೈಗೆ ಕೆಲಸ ಕೊಟ್ಟಳು.

ಮಗಳಿಗೆ, ವಾಸಿಯಾಗದ ಕಾಯಿಲೆಯಲ್ಲೂ ನೋವು ತಗ್ಗಿಸುವ ಉಪಶಮನ ಆರೈಕೆಯ ವಿಷಯ ಗೊತ್ತಾದದ್ದೂ ಆ ದಿನಗಳಲ್ಲೇ. ಮನೆಗೇ ಬಂದ ನರ್ಸ್, ವಾಸನೆಗೂ ಔಷಧಿಯಿದೆ ಎಂದರು. ಮೆಟ್ರೋನಿಡಜೋಲ್ ಮಾತ್ರೆ ಶುರುವಾದ ವಾರದೊಳಗೆ ಅದು ಮುಕ್ಕಾಲು ಪಾಲು ಇಳಿಯಿತು. ಇಷ್ಟು ಸಣ್ಣ ಮಾತ್ರೆಗಾಗಿ ನಾನು ಎಷ್ಟು ತಿಂಗಳು ಕತ್ತಲೆಯಲ್ಲಿ ಮಲಗಿದ್ದೆ! ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಜೊತೆಗೆ ಮಲ ಕಟ್ಟದ ಹಾಗೆ ಇನ್ನೊಂದು ಔಷಧಿ. "ಅದು ಕೊಟ್ರೆ ಮುಗೀತು ಅಂತಲೇ ಲೆಕ್ಕ" ಎಂದು ನೆಂಟರು ಹೆದರಿಸಿದರು. ಮುಗಿಯಲಿಲ್ಲ, ಮೂರು ತಿಂಗಳ ನಂತರ ನಾನು ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕಿದೆ. ಯಜಮಾನರು ನನ್ನ ಹಳೆಯ ಅಂಗನವಾಡಿ ರಿಜಿಸ್ಟರು ಹುಡುಕಿ ತೆಗೆದರು. ಒಂದು ಕಾಲದಲ್ಲಿ ನಾನು ಮಗುವಿನ ಹೆಸರು, ತೂಕ, ತಾರೀಖು ಬರೆಯುತ್ತಿದ್ದ ಖಾನೆಗಳ ಉಳಿದ ಹಾಳೆಗಳಲ್ಲಿ ಅವರು 6, 10, 2, 6, 10 ಎಂದು ಗಂಟೆ ಬರೆದು, ಮಾತ್ರೆ ಕೊಟ್ಟಾಗಲೆಲ್ಲ ಗುರುತು ಹಾಕುತ್ತಾರೆ. ಗದ್ದೆ ಕೆಲಸದ ಕೈ, ಪೆನ್ನು ಒತ್ತಿ ಬರೆಯುವುದರಿಂದ ಅಕ್ಷರ ಮುಂದಿನ ಹಾಳೆಯಲ್ಲೂ ಮೂಡಿರುತ್ತದೆ.

ಮಾರ್ಫಿನ್ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಗೆ ಆಸ್ಪತ್ರೆಗಳೇ ಅದನ್ನು ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಮನೆಯಲ್ಲಿ ನೋಡಿಕೊಳ್ಳಲು ಆಗದ ಹಂತ ಬಂದರೆ ಬೆಂಗಳೂರಿನ ಮಾರತಹಳ್ಳಿ ಬಳಿ ಕರುಣಾಶ್ರಯವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತಿದ್ದಾರೆ. ಈ ಬಗೆಯ ಆರೈಕೆಗೆ ದಾರಿ ತೋರಿದವರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾಗಿ ದುಡಿದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮ ತೆರೆದರು. ಕಾಯಿಲೆಯವರ ನೋವು ಮೈಯದೊಂದೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಸೇರಿದ ಇಡಿಯಾದ ನೋವು ಎಂಬುದು ಅವರ ತಿಳಿವಳಿಕೆ. ನರ್ಸ್ ಇದನ್ನು ಹೇಳಿದಾಗ ನನಗೆ ಅರ್ಥ ಮಾಡಿಕೊಳ್ಳಲು ಕಷ್ಟವಾಗಲಿಲ್ಲ. ಮೈನೋವಿಗೆ ಮಾತ್ರೆಯಿತ್ತು. ಉಳಿದದ್ದಕ್ಕೆ ಹೂಬುಟ್ಟಿ, ರಿಜಿಸ್ಟರು, ರಾಯಚೂರಿನ ಅಜ್ಜಿ ಇದ್ದರು.

ಒಂದು ಮುಳ್ಳು ಮಾತ್ರ ಬಹಳ ದಿನ ಒಳಗೇ ಉಳಿದಿತ್ತು. "ಇದು ಅಂಟೋ ಕಾಯಿಲೆಯಂತಲ್ಲ, ಯಾರಿಂದ ಬಂತು?" ಎಂದು ನಮ್ಮವರೊಬ್ಬರು ಕೇಳಿದ್ದರು. ಎಷ್ಟೋ ಹೆಂಗಸರು ಬಾಯಿ ಬಿಡದಿರುವುದು ಈ ಪ್ರಶ್ನೆಗೆ ಹೆದರಿ. ಉತ್ತರ ಸ್ಪಷ್ಟವಾಗಿದೆ. ಈ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಸಲವೂ ಕಾರಣ ಎಚ್‌ಪಿವಿ ಎಂಬ ವೈರಸ್. ಜರ್ಮನಿಯ ಹಾರಾಲ್ಡ್ ಸುರ್ ಹೌಸೆನ್ ಅದನ್ನು 1980ರ ದಶಕದಲ್ಲಿ ತೋರಿಸಿಕೊಟ್ಟು 2008ರಲ್ಲಿ ನೊಬೆಲ್ ಪಡೆದರು. ಸಂಸಾರ ಮಾಡುವ ಗಂಡು ಹೆಣ್ಣುಗಳಲ್ಲಿ ಬಹುಪಾಲು ಎಲ್ಲರಿಗೂ ಒಂದಲ್ಲ ಒಂದು ಕಾಲದಲ್ಲಿ ಅದು ತಗುಲಿ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಸಾಮಾನ್ಯವಾಗಿ 15ರಿಂದ 20 ವರ್ಷದ ಮೇಲೆ ಕ್ಯಾನ್ಸರಾಗುತ್ತದೆ. ಇದರಲ್ಲಿ ಯಾರ ನಡತೆಯ ಪ್ರಶ್ನೆಯೂ ಇಲ್ಲ. ಯಜಮಾನರು ಇದನ್ನು ಕೇಳಿ ಸುಮ್ಮನೆ ನನ್ನ ಕಾಲು ಒತ್ತತೊಡಗಿದರು. ಆ ಮುಳ್ಳು ಅವತ್ತು ಹೊರಬಂತು.

ಅಷ್ಟು ವರ್ಷಗಳ ಸಮಯ ಕೊಟ್ಟು ಬರುವ ಕಾಯಿಲೆಗೂ ನಾವು ಬಲಿಯಾಗುತ್ತಿದ್ದೇವಲ್ಲ ಎಂಬುದೇ ನನ್ನ ಸಂಕಟ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಇದು ಬಂತು, ಸುಮಾರು 80 ಸಾವಿರ ಹೆಂಗಸರು ತೀರಿಕೊಂಡರು ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಆದರೆ ತಡೆಯುವ ದಾರಿ ಕೈಯಲ್ಲೇ ಇದೆ. ಲಸಿಕೆ ನಮ್ಮೂರಿಗೆ ಹೊಸದೂ ಅಲ್ಲ. ನಮ್ಮ ಗಂಜಾಂನಲ್ಲಿ ಅಬ್ಬೆ ದುಬಾಯ್ ಅವರ ಚರ್ಚಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಆ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿದವರು. ಲಸಿಕೆ ಮುಂಬೈಗೆ ಬಂದದ್ದು 1802ರಲ್ಲಿ. 1803-04ರ ಹೊತ್ತಿಗೆ ಅವರ ಲೆಕ್ಕದಲ್ಲಿ 25,432 ಜನಕ್ಕೆ ಲಸಿಕೆಯಾಗಿತ್ತು. ರಸ್ತೆಯಿಲ್ಲದ, ಐಸ್ ಪೆಟ್ಟಿಗೆಯಿಲ್ಲದ ಕಾಲದಲ್ಲಿ! ಪೋಲಿಯೋ ಡಬ್ಬಿ ಹಿಡಿದು ಆ ಚರ್ಚಿನ ಮುಂದೆ ಎಷ್ಟೋ ಸಲ ನಡೆದಿದ್ದೇನೆ, ಆಗ ಈ ಸಂಗತಿ ನನಗೆ ತಿಳಿದಿರಲಿಲ್ಲ. ಇವತ್ತು ಎಚ್‌ಪಿವಿಗೂ ಲಸಿಕೆಯಿದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ನನ್ನ ಮೊಮ್ಮಗಳಿಗೀಗ 11. ಮೊದಲ ಡೋಸ್ ಹಾಕಿಸುವಾಗ ಮೈಸೂರಿಗೆ ನಾನೂ ಹೋಗಿದ್ದೆ. ಸೂಜಿ ಚುಚ್ಚುವಾಗ ಅವಳು ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದಳು.

ಮೊದಲು ನನ್ನ ಆಸೆ ದೊಡ್ಡದಿತ್ತು, ಅವಳ ಮದುವೆ ನೋಡಬೇಕೆಂದು. ಈಗಿನ ಆಸೆ ಹಿತ್ತಲಿನ ಅಂಜೂರದ ಗಿಡದಷ್ಟಿದೆ. ಗಂಜಾಂ ಅಂಜೂರ ಒಂದು ಕಾಲಕ್ಕೆ ಎಲ್ಲೆಲ್ಲೂ ಹೆಸರುವಾಸಿ, ನಮ್ಮ ಮನೆಯಲ್ಲಿ ಉಳಿದಿರುವುದು ಒಂದೇ ಗಿಡ. ಕಾಯಿ ಮಾಗಿ ಕತ್ತು ಬಾಗುವುದನ್ನು ನೋಡಬೇಕು, ಬಿಸಿಲೇರುವ ಮುಂಚೆ ಕಿತ್ತು ಮೊಮ್ಮಗಳ ಕೈಗಿಡಬೇಕು. ಅವಳ ಎರಡನೇ ಡೋಸಿನ ತಾರೀಖನ್ನು ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ನಾನೇ ಬರೆದಿಟ್ಟಿದ್ದೇನೆ. ಆ ದಿನದವರೆಗೆ ಇರಬೇಕು. ಅದಕ್ಕೂ ಮುಂದೆ ಸಿಕ್ಕಿದ್ದೆಲ್ಲ ತಾಯಿ ನಿಮಿಷಾಂಬೆಯ ಪ್ರಸಾದ.

ಇದನ್ನು ಓದುವ ತಂಗಿಯರೇ, ಅಕ್ಕಂದಿರೇ, 30 ದಾಟಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ. ಔಷಧಿ ಸವರಿ, ಬಿಳಿಯಾಗುವ ಜಾಗವಿದೆಯೇ ಎಂದು ನೋಡುವ ಆ ತಪಾಸಣೆಗೆ ಕೆಲವು ನಿಮಿಷ ಸಾಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಮನೆಯಲ್ಲಿ ಹೆಣ್ಣುಮಗುವಿದ್ದರೆ ಲಸಿಕೆ ಹಾಕಿಸಿ. ನಿಮ್ಮ ಬೀದಿಯಲ್ಲಿ ನನ್ನಂಥವಳು ಒಬ್ಬಳು ಒಳಗಿನ ಕೋಣೆ ಸೇರಿದ್ದರೆ, ಅವಳನ್ನು ನೋಡಲು ಹೋಗುವಾಗ ಸೇಬು ಒಯ್ಯದಿದ್ದರೂ ನಡೆಯುತ್ತದೆ. ಬಿಡಿಸುವ ಅವರೆಕಾಯಿಯೋ, ಕಟ್ಟುವ ಹೂವೋ, ಕೂತು ಇಬ್ಬರೂ ಮಾಡುವಂಥ ಒಂದು ಕೆಲಸ ಒಯ್ಯಿರಿ.